ನ್ಯೂಯಾರ್ಕ್ ಮೇಯರ್ ಚುನಾವಣೆ: ಒಬ್ಬರಿಗೇ ಎರಡು ಸೊನ್ನೆ ತುಂಬಿಸಿಬಿಟ್ಟೆ, ನನ್ನ ವೋಟು ಹೋಯ್ತಾ?

ಕ್ವೀನ್ಸ್_ಕಮಲ
ಎಲ್ಲರಿಗೂ ನಮಸ್ಕಾರ. 2025ರ ಏಪ್ರಿಲ್‌ನಲ್ಲಿ ಸಿಟಿಜನ್ ಆದೆ. ನವೆಂಬರ್ 4ರಂದು ಅಮೆರಿಕದಲ್ಲಿ ಮೊದಲ ಸಲ ವೋಟು ಹಾಕಿದೆ. ಮನೆ ಹತ್ತಿರದ ಶಾಲೆಗೆ ಹೋದೆ, ಟ್ಯಾಬ್ಲೆಟ್ ಮೇಲೆ ಸಹಿ ಮಾಡಿದೆ, ಕಾಗದ ಕೊಟ್ಟರು, ಪೆನ್ನು ಕೊಟ್ಟರು. ಇಲ್ಲಿವರೆಗೆ ಸರಿ.

ಮೇಯರ್ ಜಾಗದಲ್ಲಿ ನೋಡಿದರೆ ನನಗೆ ಬೇಕಾದವರ ಹೆಸರು ಎರಡು ಕಡೆ ಇದೆ! ಒಂದು ಒಂದು ಪಕ್ಷದ ಹೆಸರಲ್ಲಿ, ಇನ್ನೊಂದು ಬೇರೆ ಪಕ್ಷದ ಹೆಸರಲ್ಲಿ. ಎರಡೂ ಕಡೆ ತುಂಬಿಸಬೇಕೇನೋ ಅಂದುಕೊಂಡು ಎರಡೂ ಸೊನ್ನೆ ನೀಟಾಗಿ ತುಂಬಿಸಿದೆ. ಯಂತ್ರದೊಳಗೆ ಹಾಕಿದೆ, ಅದು ತಕರಾರು ಮಾಡದೆ ನುಂಗಿಕೊಂಡಿತು. ಮನೆಗೆ ಬಂದು ಹೇಳಿದರೆ ನಮ್ಮವರು ಬಿದ್ದು ಬಿದ್ದು ನಕ್ಕರು. "ಹತ್ತು ವರ್ಷ ಕಾದು ಸಿಟಿಜನ್ ಆಗಿ ಕುಲಗೆಟ್ಟ ಮತ ಹಾಕಿ ಬಂದೆಯಲ್ಲೇ" ಅಂದರು. ಒಂದು ವಾರದಿಂದ ಇದೇ ಮಾತು, ಫೋನಿನಲ್ಲಿ ನನ್ನ ನಾದಿನಿಗೂ ಹೇಳಿದ್ದಾರೆ. ನಿಜವಾಗಲೂ ಹಾಳಾಯ್ತಾ? (ಯಾರಿಗೆ ಹಾಕಿದೆ ಅಂತ ಮಾತ್ರ ಕೇಳಬೇಡಿ.)

ಮಂಡ್ಯ_ಮ್ಯಾನ್‌ಹಟನ್
ಹೋಯ್ತು ಅಕ್ಕ. ಒಂದೇ ಹುದ್ದೆಗೆ ಎರಡು ಗುರುತು ಹಾಕಿದರೆ ಅಸಿಂಧು. ಎಲ್ಲಾ ಕಡೆ ಇದೇ ನಿಯಮ. ಮುಂದಿನ ಸಲ ನೋಡ್ಕೊಳ್ಳಿ.

ಚುರುಮುರಿ
ಎರಡು ಕಡೆ ಹೆಸರು ಇದ್ದವರು ಇಬ್ಬರೇ. ಗೆದ್ದ ಮಮ್ದಾನಿ ಡೆಮಾಕ್ರಟಿಕ್ ಮತ್ತು ವರ್ಕಿಂಗ್ ಫ್ಯಾಮಿಲೀಸ್ ಪಕ್ಷದಲ್ಲಿ. ಸ್ಲಿವಾ ರಿಪಬ್ಲಿಕನ್ ಪಕ್ಷದಲ್ಲಿ, ಜೊತೆಗೆ ಪ್ರಾಣಿ ರಕ್ಷಣೆಯ ಹೆಸರಿನ ಇನ್ನೊಂದು ಪಕ್ಷದಲ್ಲಿ. ಅಂದರೆ ನೀವು ಒಂದೇ ಕಡೆ ಹೆಸರಿದ್ದ ಕುವೋಮೊಗೆ ಹಾಕಿಲ್ಲ ಅನ್ನುವುದಂತೂ ಗೊತ್ತಾಯಿತು 😄

ಕ್ವೀನ್ಸ್_ಕಮಲ
@ಚುರುಮುರಿ ಅಯ್ಯೋ, ಇದು ಹೊಳೆದಿರಲಿಲ್ಲ. ಬೆಕ್ಕು ಸಾಕಿದ್ದೇನೆ, ಅಷ್ಟು ಮಾತ್ರ ಹೇಳ್ತೇನೆ.

ಲೆಕ್ಕದ_ಮೇಷ್ಟ್ರು
@ಮಂಡ್ಯ_ಮ್ಯಾನ್‌ಹಟನ್ ತಪ್ಪು. ಗೊತ್ತಿಲ್ಲದೆ ಹೆದರಿಸಬೇಡಿ.

ನಾನು ಬ್ರೂಕ್ಲಿನ್‌ನಲ್ಲಿ ಮೂರು ಚುನಾವಣೆಗೆ ಮತಗಟ್ಟೆ ಕೆಲಸ ಮಾಡಿದ್ದೇನೆ. ಒಂದೇ ಹುದ್ದೆಗೆ ಇಬ್ಬರು *ಬೇರೆ ಬೇರೆ* ಅಭ್ಯರ್ಥಿಗಳಿಗೆ ತುಂಬಿಸಿದರೆ ಆ ಹುದ್ದೆಯ ವೋಟು ಹೋಗುತ್ತದೆ, ನಿಜ. ಆಗ ಯಂತ್ರವೇ ಎಚ್ಚರಿಸುತ್ತದೆ, ಕಾಗದ ವಾಪಸ್ ತೆಗೆದುಕೊಂಡು ಹೊಸದು ಕೇಳಬಹುದು. ಆದರೆ *ಒಬ್ಬರೇ* ಅಭ್ಯರ್ಥಿಗೆ ಎರಡು ಪಕ್ಷದ ಸಾಲಿನಲ್ಲಿ ತುಂಬಿಸಿದರೆ ಆ ಅಭ್ಯರ್ಥಿಗೆ ಒಂದು ವೋಟು ಅಂತ ಲೆಕ್ಕ. ನ್ಯೂಯಾರ್ಕ್ ರಾಜ್ಯದ ಚುನಾವಣಾ ಕಾನೂನಿನಲ್ಲೇ ಹೀಗಿದೆ. ಬ್ಯಾಲೆಟ್‌ನಲ್ಲಿ ಮೊದಲು ಬರುವ ಪಕ್ಷದ ಖಾತೆಗೆ ಆ ವೋಟು ಸೇರುತ್ತದೆ, ಎರಡನೆಯ ಗುರುತನ್ನು ಬಿಟ್ಟುಬಿಡುತ್ತಾರೆ. ಯಂತ್ರ ಸುಮ್ಮನೆ ನುಂಗಿದ್ದು ಅದಕ್ಕೇ.

ಕಮಲಾ ಅವರೇ, ನಿಮ್ಮ ವೋಟು ಭದ್ರವಾಗಿದೆ. ಯಜಮಾನರಿಗೆ ತೋರಿಸಿ.

ಕ್ವೀನ್ಸ್_ಕಮಲ
ನಿಮ್ಮ ಬಾಯಿಗೆ ಸಕ್ಕರೆ ಹಾಕ ಮೇಷ್ಟ್ರೇ!! ಇವತ್ತು ರಾತ್ರಿ ಊಟಕ್ಕೆ ಕೂತಾಗ ಓದಿ ಹೇಳುತ್ತೇನೆ.

ಮಂಡ್ಯ_ಮ್ಯಾನ್‌ಹಟನ್
ಸರಿ ಸರಿ, ತಪ್ಪಾಯ್ತು. ಆದರೆ ಒಬ್ಬನನ್ನೇ ಎರಡು ಪಕ್ಷ ಯಾಕೆ ನಿಲ್ಲಿಸಬೇಕು? ಯಾರಿಗೆ ಲಾಭ?

ಲೆಕ್ಕದ_ಮೇಷ್ಟ್ರು
ಸಣ್ಣ ಪಕ್ಷಕ್ಕೆ. ಸ್ವಂತ ಅಭ್ಯರ್ಥಿ ನಿಲ್ಲಿಸಿದರೆ ಗೆಲ್ಲುವುದಿಲ್ಲ, ವೋಟು ಒಡೆಯುತ್ತಾರೆ ಅಂತ ಬೈಗುಳ ಬೇರೆ. ಅದರ ಬದಲು ದೊಡ್ಡ ಪಕ್ಷದವನನ್ನೇ ತಮ್ಮ ಸಾಲಿನಲ್ಲೂ ಹಾಕಿಕೊಳ್ಳುತ್ತಾರೆ. ಕೊನೆಗೆ "ನೋಡಪ್ಪಾ, ನಿನಗೆ ಬಂದ ವೋಟಿನಲ್ಲಿ ಇಷ್ಟು ನಮ್ಮ ಸಾಲಿನಿಂದ ಬಂದದ್ದು, ನಮ್ಮ ಮಾತು ಕೇಳು" ಅನ್ನಬಹುದು. ಈ ಸಲ ವರ್ಕಿಂಗ್ ಫ್ಯಾಮಿಲೀಸ್ ಸಾಲಿನಲ್ಲೇ ಮಮ್ದಾನಿಗೆ ಲಕ್ಷಕ್ಕೂ ಜಾಸ್ತಿ ವೋಟು ಬಿದ್ದಿದೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಈ ಪದ್ಧತಿ ಇಲ್ಲ.

ಬ್ಯಾಲೆಟ್ ನೋಡಿ ಎಲಾನ್ ಮಸ್ಕ್ ಕೂಡ ಮೋಸ ಮೋಸ ಅಂತ ಕೂಗಿದ್ದರಲ್ಲ, ಬೇರೆಯವರ ಹೆಸರು ಎರಡೆರಡು ಸಲ ಇದೆ, ಕುವೋಮೊ ಹೆಸರು ಕೆಳಗೆ ಮೂಲೆಯಲ್ಲಿದೆ ಅಂತ. ಅದು ಮೋಸವಲ್ಲ. ಕುವೋಮೊ ಡೆಮಾಕ್ರಟಿಕ್ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ) ಸೋತು ಸ್ವತಂತ್ರವಾಗಿ ತಮ್ಮದೇ ಸಾಲು ಮಾಡಿಕೊಂಡು ನಿಂತರು. ಸ್ಥಾಪಿತ ಪಕ್ಷಗಳೆಲ್ಲ ಮುಗಿದ ಮೇಲೆ ಸ್ವತಂತ್ರರ ಪಾಳಿ.

ಫ್ಲಶಿಂಗ್_ರಾಯರು
ಮಕ್ಕಳಾ, ಈ ಎರಡು ಸಾಲಿನ ಆಟ ಇವತ್ತಿನದಲ್ಲ. 1969ರಲ್ಲಿ ಜಾನ್ ಲಿಂಡ್ಸೆ ಹಾಲಿ ಮೇಯರ್. ರಿಪಬ್ಲಿಕನ್ ಪ್ರೈಮರಿಯಲ್ಲಿ ಸೋತರು. ಆದರೆ ಲಿಬರಲ್ ಪಾರ್ಟಿಯ ಸಾಲು ಕೈಯಲ್ಲಿತ್ತು, ಅದರ ಮೇಲೆ ನಿಂತು ನವೆಂಬರ್‌ನಲ್ಲಿ ಗೆದ್ದೇಬಿಟ್ಟರು. ಆಗ ನಾನು ಇನ್ನೂ ಶಿವಮೊಗ್ಗದಲ್ಲಿ ಕಾಲೇಜಿನಲ್ಲಿದ್ದೆ, ಇದು ಇಲ್ಲಿಗೆ ಬಂದ ಮೇಲೆ ಕೇಳಿದ್ದು.

ನಾನು ಬಂದದ್ದು 1980. ಮರುವರ್ಷವೇ ಮೇಯರ್ ಚುನಾವಣೆ. ಎಡ್ ಕೋಚ್ ಡೆಮಾಕ್ರಟಿಕ್ ಅಭ್ಯರ್ಥಿಯೂ ಅವರೇ, ರಿಪಬ್ಲಿಕನ್ ಅಭ್ಯರ್ಥಿಯೂ ಅವರೇ! ನನಗೆ ತಲೆ ಕೆಟ್ಟುಹೋಯಿತು. ಕಾಂಗ್ರೆಸ್ಸೂ ಜನತಾ ಪಕ್ಷವೂ ಒಬ್ಬನನ್ನೇ ನಿಲ್ಲಿಸಿದ ಹಾಗೆ ಅಲ್ವಾ? ಸಬ್‌ವೇ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಕೈ ಕೊಟ್ಟು "ನಾನು ಹೇಗೆ ಕೆಲಸ ಮಾಡ್ತಿದ್ದೇನೆ?" ಅಂತ ಕೇಳುವುದು ಅವರ ಪದ್ಧತಿ. ನನ್ನನ್ನೂ ಒಂದು ಸಲ ಕೇಳಿದರು. ಇಂಗ್ಲಿಷು ಬಾಯಿಗೆ ಬರುವಷ್ಟರಲ್ಲಿ ಮುಂದಿನವರ ಕೈ ಹಿಡಿದಿದ್ದರು.

ಇನ್ನೊಂದು ಮಾತು, ಕಮಲಾ. ನಾನು ಸಿಟಿಜನ್ ಆಗಿ ಮೊದಲು ವೋಟು ಹಾಕಿದ್ದು 1989ರಲ್ಲಿ, ಡಿಂಕಿನ್ಸ್ ಮತ್ತು ಜೂಲಿಯಾನಿ ನಡುವೆ. ಆಗ ಸೊನ್ನೆ ತುಂಬಿಸುವುದು ಇರಲಿಲ್ಲ. ಆಳೆತ್ತರದ ಕಬ್ಬಿಣದ ಯಂತ್ರ. ದೊಡ್ಡ ಹಿಡಿ ಎಳೆದರೆ ಹಿಂದೆ ಪರದೆ ಮುಚ್ಚಿಕೊಳ್ಳುತ್ತಿತ್ತು. ಹೆಸರಿನ ಪಕ್ಕದ ಸಣ್ಣ ಹಿಡಿ ಕೆಳಗೆ ಒತ್ತಬೇಕು. ಒಂದು ಒತ್ತಿದ ಮೇಲೆ ಅದೇ ಹುದ್ದೆಯ ಇನ್ನೊಂದನ್ನು ಒತ್ತಲು ಹೋದರೆ ಅಲ್ಲಾಡುತ್ತಲೇ ಇರಲಿಲ್ಲ. ನಿನ್ನ ತಪ್ಪು ಮಾಡಬೇಕು ಅಂದರೂ ಆಗುತ್ತಿರಲಿಲ್ಲ. ಕೊನೆಗೆ ಹಿಡಿ ತಿರುಗಿ ಎಳೆದಾಗ "ಖಡಕ್" ಅಂತ ಒಂದು ಸದ್ದು. ಆ ಸದ್ದಿನಲ್ಲಿ ವೋಟು ಬಿತ್ತು ಅನ್ನುವ ಸಮಾಧಾನ ಇತ್ತು. 2010ರಲ್ಲಿ ಈ ಸ್ಕ್ಯಾನರ್ ತಂದರು. ಇದು ಕಾಗದ ಎಳೆದುಕೊಳ್ಳುವುದು ನೋಡಿದರೆ ಬ್ಯಾಂಕಿನಲ್ಲಿ ಚೆಕ್ ಹಾಕಿದ ಹಾಗೆ.

ಧಾರವಾಡ_ಪೇಡೆ
ರಾಯರೇ, ನಿಮ್ಮ ಪೋಸ್ಟ್ ಓದೋಕೆ ಅಂತಲೇ ಈ ಕಡೆ ಬರ್ತೀನಿ.

ಜಾಕ್ಸನ್‌ಹೈಟ್ಸ್_ಜಯಾ
ಜೂನ್‌ನಲ್ಲಿ ಪ್ರೈಮರಿಗೆ ಒಂದನೆಯದು, ಎರಡನೆಯದು ಅಂತ ಐದು ಹೆಸರು ಬರೆಯಬಹುದಿತ್ತಲ್ಲ, ನವೆಂಬರ್‌ನಲ್ಲಿ ಯಾಕೆ ಒಂದೇ? ನಮ್ಮ ಕಟ್ಟಡದಲ್ಲಿ ಮೂರು ಜನ ಇದನ್ನೇ ಕೇಳಿದರು. ನಗರದ ಪ್ರೈಮರಿಗೂ ವಿಶೇಷ ಚುನಾವಣೆಗೂ ಮಾತ್ರ ಆ ಪದ್ಧತಿ. 2019ರಲ್ಲಿ ಜನಮತದಿಂದ ಬಂತು, ಮೇಯರ್ ಪ್ರೈಮರಿಗೆ ಮೊದಲು ಬಳಸಿದ್ದು 2021ರಲ್ಲಿ. ಕಮಲಾ ಅವರಿಗೆ ಗೊಂದಲ ಆಗಿದ್ದು ಸಹಜ.

ಹಾಸನದ_ಹುಡುಗ
ಈ ಐದು ಹೆಸರಿನ ಲೆಕ್ಕ ಯಾರಾದರೂ ಸರಿಯಾಗಿ ಹೇಳಿ. ಮಾವಿನ ಲಸ್ಸಿ ಲೋಟ ಇಟ್ಟುಕೊಂಡು ಮಮ್ದಾನಿ ಹಿಂದಿಯಲ್ಲಿ ಮಾಡಿದ ವಿಡಿಯೋ ನೋಡಿದೆ. ಲಸ್ಸಿ ಕುಡಿಯಬೇಕು ಅನ್ನಿಸಿತು, ಲೆಕ್ಕ ತಲೆಗೆ ಹೋಗಲಿಲ್ಲ.

ಲೆಕ್ಕದ_ಮೇಷ್ಟ್ರು
ಹತ್ತು ಜನ ಹೋಟೆಲಿಗೆ ಹೋಗಿದ್ದೀರಿ, ಎಲ್ಲರಿಗೂ ಒಂದೇ ತಿಂಡಿ ಅಂತ ಷರತ್ತು ಅಂದುಕೊಳ್ಳಿ. ನಾಲ್ವರು ದೋಸೆ, ಮೂವರು ಇಡ್ಲಿ, ಇಬ್ಬರು ಪೂರಿ, ಒಬ್ಬ ಉಪ್ಪಿಟ್ಟು. ಯಾವುದಕ್ಕೂ ಅರ್ಧ ದಾಟಲಿಲ್ಲ. ಉಪ್ಪಿಟ್ಟಿಗೆ ಕಡಿಮೆ, ಅದು ಔಟ್. ಉಪ್ಪಿಟ್ಟಿನವನಿಗೆ "ಎರಡನೆಯದು ಏನು ಬರೆದಿದ್ದೀಯಪ್ಪ?" ಅಂತ ಕೇಳುತ್ತಾರೆ. ಇಡ್ಲಿ ಅಂದ. ಇಡ್ಲಿ ನಾಲ್ಕಾಯಿತು. ಆಮೇಲೆ ಪೂರಿ ಔಟ್. ಪೂರಿಯವರಿಬ್ಬರೂ ಎರಡನೆಯದಾಗಿ ಇಡ್ಲಿ ಬರೆದಿದ್ದರೆ ಇಡ್ಲಿಗೆ ಆರು, ದೋಸೆಗೆ ನಾಲ್ಕು. ಇಡ್ಲಿ ಗೆದ್ದಿತು. ಮೊದಲ ಸುತ್ತಿನಲ್ಲಿ ಮುಂದಿದ್ದ ದೋಸೆ ಸೋತಿತು.

ಚುರುಮುರಿ
ದೋಸೆ ಸೋಲುವ ಪ್ರಜಾಪ್ರಭುತ್ವ ನನಗೆ ಬೇಡ.

ಹಾಸನದ_ಹುಡುಗ
ಈಗ ಗೊತ್ತಾಯ್ತು! ಜೂನ್‌ನಲ್ಲೂ ಹೀಗೇ ಆಯ್ತಾ?

ಲೆಕ್ಕದ_ಮೇಷ್ಟ್ರು
ಇಲ್ಲ, ಜೂನ್ 24ರಂದು ಮೊದಲ ಸುತ್ತಿನಲ್ಲೇ ಮಮ್ದಾನಿ ಮುಂದಿದ್ದರು. ಬ್ರ್ಯಾಡ್ ಲ್ಯಾಂಡರ್ ಮೂರನೆಯವರು. ಲ್ಯಾಂಡರ್ ಮತ್ತು ಮಮ್ದಾನಿ "ನನಗೆ ಒಂದನೆಯದು ಹಾಕಿದರೆ ಅವನಿಗೆ ಎರಡನೆಯದು ಹಾಕಿ" ಅಂತ ಪರಸ್ಪರ ಪ್ರಚಾರ ಮಾಡಿಕೊಂಡಿದ್ದರು. ಎದುರಾಳಿಗಳು ಜೋಡಿಯಾಗಿ ವೋಟು ಕೇಳುವುದು ಈ ಪದ್ಧತಿಯಲ್ಲಿ ಮಾತ್ರ ಸಾಧ್ಯ. ಕೊನೆಯ ಸುತ್ತಿನಲ್ಲಿ ಮಮ್ದಾನಿ ಸುಮಾರು 56, ಕುವೋಮೊ 44.

2021ರದ್ದು ನಿಜವಾದ ಥ್ರಿಲ್ಲರ್. ಎಂಟು ಸುತ್ತು, ಎರಿಕ್ ಆಡಮ್ಸ್ ಕ್ಯಾಥರಿನ್ ಗಾರ್ಸಿಯಾ ಅವರನ್ನು ಸೋಲಿಸಿದ್ದು 7,197 ವೋಟಿನಿಂದ. ಅದಕ್ಕೂ ಮುಂಚೆ ಚುನಾವಣಾ ಮಂಡಳಿಯವರು ಪರೀಕ್ಷೆಗೆ ಅಂತ ಹಾಕಿದ್ದ ಸುಮಾರು 1,35,000 ಡಮ್ಮಿ ವೋಟುಗಳನ್ನು ತೆಗೆಯುವುದನ್ನೇ ಮರೆತು ಲೆಕ್ಕ ಪ್ರಕಟಿಸಿ, ಕೆಲವೇ ಗಂಟೆಯಲ್ಲಿ ವಾಪಸ್ ತೆಗೆದುಕೊಂಡಿದ್ದರು. ಕಮಲಾ ಅವರ ಎರಡು ಸೊನ್ನೆ ಅದರ ಮುಂದೆ ಏನೂ ಅಲ್ಲ.

ಎಡಿಸನ್_ಎಂಕಣ್ಣ
ಎಲ್ಲಾ ಸರಿ, ಆದರೆ ಗೆದ್ದವರು ಕೊಟ್ಟ ಭರವಸೆ ನೋಡಿದ್ದೀರಾ? ಬಾಡಿಗೆ ಏರಿಸಬಾರದು, ಬಸ್ಸು ಪುಕ್ಕಟೆ, ಮಕ್ಕಳ ಪಾಲನೆ ಪುಕ್ಕಟೆ, ಸರ್ಕಾರಿ ದಿನಸಿ ಅಂಗಡಿ. ದುಡ್ಡು ಯಾರಪ್ಪನ ಮನೆಯಿಂದ ಬರುತ್ತದೆ? ನಾನು ಕೆಲಸ ಮಾಡುವುದು ಮ್ಯಾನ್‌ಹಟನ್‌ನಲ್ಲಿ. ಕಂಪನಿಗಳು ಹೋದರೆ ನಮ್ಮ ಹೊಟ್ಟೆಗೇ ಕಲ್ಲು.

ಚುರುಮುರಿ
ನ್ಯೂಜೆರ್ಸಿಯವರು ನ್ಯೂಜೆರ್ಸಿ ಮಾತಾಡಿ ಅಣ್ಣ. ನಿಮಗೂ ಅವತ್ತೇ ಗವರ್ನರ್ ಚುನಾವಣೆ ಇತ್ತು. ಹಾಕಿದ್ರಾ?

ಎಡಿಸನ್_ಎಂಕಣ್ಣ
ಹಾಕಿದೆ ಮಾರಾಯ, ಬೆಳಗ್ಗೆ ರೈಲು ಹಿಡಿಯುವ ಮುಂಚೆಯೇ. ಅದನ್ನು ಇಲ್ಲಿ ಯಾರೂ ಕೇಳುವುದಿಲ್ಲ, ಎಲ್ಲರಿಗೂ ನ್ಯೂಯಾರ್ಕೇ ಬೇಕು.

ಜಾಕ್ಸನ್‌ಹೈಟ್ಸ್_ಜಯಾ
ಎಂಕಣ್ಣ, ಒಂದೊಂದಾಗಿ ನೋಡೋಣ. ಬಾಡಿಗೆ ವಿಷಯಕ್ಕೆ ಖಜಾನೆಯಿಂದ ದುಡ್ಡು ಬೇಕಿಲ್ಲ. ನಗರದಲ್ಲಿ ಸುಮಾರು 10 ಲಕ್ಷ ಮನೆಗಳಿಗೆ ಬಾಡಿಗೆ ನಿಯಂತ್ರಣ ಇದೆ. ಪ್ರತಿ ವರ್ಷ ಎಷ್ಟು ಏರಿಸಬಹುದು ಅಂತ ತೀರ್ಮಾನ ಮಾಡುವುದು 9 ಜನರ ಮಂಡಳಿ, ಆ ಒಂಬತ್ತೂ ಜನರನ್ನು ನೇಮಿಸುವುದು ಮೇಯರ್. ಹಿಂದಿನ ಮೇಯರ್ ಡಿ ಬ್ಲಾಸಿಯೊ ಕಾಲದಲ್ಲಿ 2015, 2016, 2020ರಲ್ಲಿ ಒಂದು ವರ್ಷದ ಕರಾರಿಗೆ ಏರಿಕೆ ಸೊನ್ನೆ. ಆಗೇನು ಆಕಾಶ ಬಿತ್ತಾ? ನಮ್ಮದು ಅಂಥದ್ದೇ ಮನೆ. ಅಮ್ಮ ಊರಿಂದ ಬಂದಾಗ ಬಾಡಿಗೆ ಕೇಳಿ "ಇಷ್ಟು ಬಾಡಿಗೆಗೆ ಇಷ್ಟೇ ಅಡುಗೆಮನೆಯಾ?" ಅಂದಿದ್ದರು. ನಿಯಂತ್ರಣ ಇಲ್ಲದಿದ್ದರೆ ಆ ಅಡುಗೆಮನೆಯೂ ಇಲ್ಲ.

ಬಸ್ಸಿನ ವಿಷಯ ಬೇರೆ, ಅಲ್ಲಿ ನಿಮ್ಮ ಅನುಮಾನ ಸರಿ ಇರಬಹುದು. ಬಸ್ಸು, ಸಬ್‌ವೇ ನಡೆಸುವ ಎಂಟಿಎ ರಾಜ್ಯದ ಕೈಯಲ್ಲಿದೆ. ಶ್ರೀಮಂತರ ಆದಾಯ ತೆರಿಗೆ ಏರಿಸಬೇಕು ಅಂದರೂ ಆಲ್ಬನಿ, ಅಂದರೆ ರಾಜ್ಯ ಸರ್ಕಾರ, ಒಪ್ಪಬೇಕು. ಗವರ್ನರ್ ಹೋಕುಲ್ ಮನಸ್ಸು ಮಾಡದೆ ಮೇಯರ್ ಒಬ್ಬರೇ ಏನೂ ಮಾಡಲಾಗದು.

ಫ್ಲಶಿಂಗ್_ರಾಯರು
ಬಾಡಿಗೆ ಸೊನ್ನೆ ಅನ್ನುವುದು ಬಾಡಿಗೆದಾರರಿಗೆ ಸಿಹಿ, ಜಯಾ. ನನ್ನದು ಎರಡು ಸಂಸಾರದ ಮನೆ, ಅದಕ್ಕೆ ನಿಯಂತ್ರಣ ತಾಗುವುದಿಲ್ಲ. ಹೆಚ್ಚಾಗಿ 1974ಕ್ಕೆ ಮುಂಚೆ ಕಟ್ಟಿದ, ಆರು ಅಥವಾ ಜಾಸ್ತಿ ಮನೆ ಇರುವ ಕಟ್ಟಡಕ್ಕೆ ತಾಗುವುದು. ಆದರೆ ನನ್ನ ಗುಜರಾತಿ ಗೆಳೆಯನದು ಎಂಟು ಮನೆಯ ಹಳೇ ಕಟ್ಟಡ. ಆಸ್ತಿ ತೆರಿಗೆ ಏರಿತು, ವಿಮೆ ಏರಿತು, ಚಳಿಗಾಲದಲ್ಲಿ ಬಾಯ್ಲರ್ ಕೆಟ್ಟರೆ ನಡುರಾತ್ರಿ ಬಾಡಿಗೆದಾರರ ಫೋನು ಬರುವುದು ಅವನಿಗೆ. ಅವನು ಕಾರ್ಪೊರೇಟ್ ಧಣಿಯಲ್ಲ, 35 ವರ್ಷ ದಿನಪತ್ರಿಕೆ ಅಂಗಡಿ ಇಟ್ಟವನು. ಅವನ ಲೆಕ್ಕವನ್ನೂ ಯಾರಾದರೂ ಕೇಳಬೇಕು.

ಜಾಕ್ಸನ್‌ಹೈಟ್ಸ್_ಜಯಾ
ಅದು ಒಪ್ಪುವ ಮಾತು ರಾಯರೇ. ಸಣ್ಣ ಮಾಲೀಕರ ತೆರಿಗೆ ಇಳಿಸದೆ ಬಾಡಿಗೆ ಮಾತ್ರ ನಿಲ್ಲಿಸಿದರೆ ಕಟ್ಟಡಗಳೇ ಹಾಳು ಬೀಳುತ್ತವೆ.

ನಾನು ಮಮ್ದಾನಿಗೆ ಹಾಕಿದ್ದು ಭರವಸೆ ನೋಡಿ ಅಲ್ಲ. 2021ರಲ್ಲಿ ಟ್ಯಾಕ್ಸಿ ಮೆಡಾಲಿಯನ್ (ಟ್ಯಾಕ್ಸಿ ಓಡಿಸುವ ಪರವಾನಗಿ) ಸಾಲದಲ್ಲಿ ಮುಳುಗಿದ್ದ ಚಾಲಕರ ಜೊತೆ 15 ದಿನ ಉಪವಾಸ ಕೂತಿದ್ದರು, ಅದನ್ನು ನೋಡಿ. ನಮ್ಮ ಓಣಿಯಲ್ಲಿ ಅರ್ಧ ಜನ ಟ್ಯಾಕ್ಸಿಯವರೇ.

ಹೆಚ್1ಬಿ_ಹನುಮಂತ
ಮಧ್ಯೆ ಬಾಯಿ ಹಾಕ್ತಿದ್ದೇನೆ, ಕ್ಷಮಿಸಿ. ನನ್ನ ರೂಮ್‌ಮೇಟ್ ನ್ಯೂಯಾರ್ಕ್‌ನಲ್ಲಿ ಸಿಟಿಜನ್ ಅಲ್ಲದವರೂ ಮೇಯರ್‌ಗೆ ವೋಟು ಹಾಕಬಹುದು ಅಂತಾನೆ. ನಿಜವಾ? ಹೋದ ತಿಂಗಳು ಒಂದು ಕಚೇರಿಗೆ ಬೇರೆ ಕೆಲಸಕ್ಕೆ ಹೋದಾಗ ಅಲ್ಲಿ ಮತದಾರರ ನೋಂದಣಿ ಫಾರಂ ಕೈಗೆ ಕೊಟ್ಟರು. ತುಂಬಿಸಿ ಇಟ್ಟಿದ್ದೇನೆ, ಕಳಿಸಿಲ್ಲ.

ಲೆಕ್ಕದ_ಮೇಷ್ಟ್ರು
ಕಳಿಸಬೇಡ! ಹರಿದು ಹಾಕು, ಈಗಲೇ!

2021ರ ಕೊನೆಯಲ್ಲಿ ನಗರಸಭೆ ಅಂಥ ಒಂದು ಕಾನೂನು ಪಾಸು ಮಾಡಿತ್ತು. ಗ್ರೀನ್ ಕಾರ್ಡ್ ಇದ್ದವರು, ಕೆಲಸದ ಪರವಾನಗಿ ಇದ್ದವರು ಸ್ಥಳೀಯ ಚುನಾವಣೆಗೆ ಮಾತ್ರ ವೋಟು ಹಾಕಬಹುದು ಅಂತ. ಅದು ಜಾರಿಗೆ ಬರಲೇ ಇಲ್ಲ. 2025ರ ಮಾರ್ಚ್‌ನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ರದ್ದು ಮಾಡಿತು. ಸಿಟಿಜನ್ ಅಲ್ಲದೆ ನೋಂದಣಿ ಮಾಡಿದರೆ ವೀಸಾ, ಗ್ರೀನ್ ಕಾರ್ಡ್ ಎಲ್ಲಕ್ಕೂ ಕುತ್ತು.

ಚಂದಾ ಕೂಡ ಕೊಡಬೇಡ. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು, ಹೆಚ್1ಬಿಯವರು ಕೊಡುವಂತಿಲ್ಲ.

ಹೆಚ್1ಬಿ_ಹನುಮಂತ
ಹರಿದು ಹಾಕಿದೆ ಸರ್. ಕೈ ನಡುಗ್ತಿದೆ.

ಧಾರವಾಡ_ಪೇಡೆ
ಹನುಮಂತ, ಒಂದು ಲೋಟ ನೀರು ಕುಡಿ. ರೂಮ್‌ಮೇಟ್ ಬದಲಾಯಿಸು.

ಚಂದಾ ಮಾತು ಬಂತು ಅಂತ ಹೇಳ್ತೀನಿ. ನಾನು ಪ್ರೈಮರಿಯಲ್ಲಿ ಒಬ್ಬರಿಗೆ 25 ಡಾಲರ್ ಕೊಟ್ಟೆ. ನಗರದಲ್ಲೇ ಇರುವವರು ಕೊಟ್ಟ ಮೊದಲ 250 ಡಾಲರ್‌ವರೆಗೆ, ಈ ಯೋಜನೆಗೆ ಸೇರಿದ ಅಭ್ಯರ್ಥಿಗೆ ನಗರದ ಖಜಾನೆ ಒಂದಕ್ಕೆ ಎಂಟು ಸೇರಿಸಿ ಕೊಡುತ್ತದಂತೆ. ಅಂದರೆ ನನ್ನ 25ಕ್ಕೆ 200. ಒಟ್ಟು 225! ನನ್ನ ಜೇಬಿಗೆ ಇಷ್ಟು ಬೆಲೆ ಯಾವತ್ತೂ ಇರಲಿಲ್ಲ.

ಎಡಿಸನ್_ಎಂಕಣ್ಣ
ನಾನೂ ಒಬ್ಬರಿಗೆ 100 ಕೊಟ್ಟಿದ್ದೆ. ಯಾರಿಗೆ ಅಂತ ಹೇಳಲ್ಲ.

ಚುರುಮುರಿ
ಹೊಳೆಯಾಚೆಯ ದುಡ್ಡಿಗೆ ಎಂಟು ಪಟ್ಟು ಇಲ್ಲ ಅಣ್ಣ. ನಿಮ್ಮ ನೂರು ನೂರೇ.

ಬಸವನಗುಡಿ_ಬಾಲು
ಬೆಂಗಳೂರಿನಿಂದ ಓದುತ್ತಿದ್ದೇನೆ. ನೀವೆಲ್ಲ ಪುಣ್ಯವಂತರು ಸ್ವಾಮಿ. ಎರಡು ಸೊನ್ನೆಯೋ ಐದು ಹೆಸರೋ, ಕೊನೆಗೆ ವೋಟಂತೂ ಇದೆ. ನಮ್ಮಲ್ಲಿ ಪಾಲಿಕೆಗೆ ಚುನಾವಣೆ ನಡೆದದ್ದು 2015ರಲ್ಲಿ. ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಅಧಿಕಾರಿಗಳದೇ ಆಡಳಿತ. ನಮ್ಮ ಬೀದಿ ಚರಂಡಿ ಮುಚ್ಚಿ ಅಂತ ಯಾರ ಮನೆ ಬಾಗಿಲು ತಟ್ಟಬೇಕೋ ಗೊತ್ತಿಲ್ಲ.

ತಮಾಷೆ ಅಂದರೆ, ನ್ಯೂಯಾರ್ಕ್‌ನವರು 1898ರಲ್ಲಿ ಐದು ಬರೋಗಳನ್ನು (ಮ್ಯಾನ್‌ಹಟನ್, ಕ್ವೀನ್ಸ್‌ನಂಥ ಭಾಗಗಳು) ಸೇರಿಸಿ ಒಂದು ನಗರ ಮಾಡಿದರು. ನಮ್ಮವರು 2025ರ ಸೆಪ್ಟೆಂಬರ್‌ನಲ್ಲಿ ಒಂದಿದ್ದ ಪಾಲಿಕೆ ಒಡೆದು ಐದು ಮಾಡಿದ್ದಾರೆ. ಇನ್ನು ಐವರು ಮೇಯರ್, ಅವರ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿ ಅಧ್ಯಕ್ಷರು.

ಮಂಡ್ಯ_ಮ್ಯಾನ್‌ಹಟನ್
ಬಾಲು ಸರ್, ಹೋಲಿಕೆ ಪೂರ್ತಿ ಸರಿಯಲ್ಲ. ಇಲ್ಲಿ ಮೇಯರ್ ಅಂದರೆ ಜನ ನೇರವಾಗಿ ಆರಿಸಿದವರು, ನಾಲ್ಕು ವರ್ಷ. ಪೊಲೀಸ್ ಕಮಿಷನರ್‌ನ ನೇಮಿಸುವುದು ಅವರೇ. 2002ರಿಂದ ಸರ್ಕಾರಿ ಶಾಲೆಗಳೂ ಅವರ ಕೈಯಲ್ಲಿ. ಬೆಂಗಳೂರಿನ ಮೇಯರ್‌ನ ಕಾರ್ಪೊರೇಟರ್‌ಗಳು ಆರಿಸುತ್ತಿದ್ದರು, ವರ್ಷಕ್ಕೊಬ್ಬರು. ಹೆಸರು ನೆನಪಾಗುವಷ್ಟರಲ್ಲಿ ಹೊಸಬರು ಬಂದಿರುತ್ತಿದ್ದರು. (ಈ ಸಲ ನಾನು ಸರಿಯಾಗಿ ಓದಿಕೊಂಡು ಬರೆದಿದ್ದೇನೆ ಮೇಷ್ಟ್ರೇ.)

ಲೆಕ್ಕದ_ಮೇಷ್ಟ್ರು
ಈ ಸಲ ಪಾಸ್ 👍

ಬಸವನಗುಡಿ_ಬಾಲು
ಅದನ್ನೇ ನಾನೂ ಹೇಳಿದ್ದು ಅಲ್ವಾ? ನಮಗೆ ಆ ವರ್ಷಕ್ಕೊಬ್ಬರೂ ಇಲ್ಲ ಈಗ. ಅಂದಹಾಗೆ ಬ್ಯಾಲೆಟ್‌ನಲ್ಲಿ ಕನ್ನಡ ಇದೆಯಾ ಅಲ್ಲಿ?

ಜಾಕ್ಸನ್‌ಹೈಟ್ಸ್_ಜಯಾ
ಕ್ವೀನ್ಸ್‌ನಲ್ಲಿ ಬಂಗಾಳಿ ಇದೆ. ಚೈನೀಸ್, ಕೊರಿಯನ್, ಸ್ಪ್ಯಾನಿಷ್ ಇದೆ. ಕನ್ನಡಕ್ಕೆ ನಾವು ಇನ್ನೂ ಬಹಳ ಜನ ಬರಬೇಕು.

ಹಾಸನದ_ಹುಡುಗ
ಮಮ್ದಾನಿ ಮುಂದೆ ಪ್ರೆಸಿಡೆಂಟ್ ಆಗಬಹುದಾ? ಆಫೀಸಿನಲ್ಲಿ ಪಂದ್ಯ ಕಟ್ಟಿದ್ದೇವೆ.

ಲೆಕ್ಕದ_ಮೇಷ್ಟ್ರು
ಆಗಲ್ಲ. ಹುಟ್ಟಿದ್ದು ಉಗಾಂಡಾದ ಕಂಪಾಲಾದಲ್ಲಿ, ಸಿಟಿಜನ್ ಆಗಿದ್ದು 2018ರಲ್ಲಿ. ಪ್ರೆಸಿಡೆಂಟ್ ಆಗಲು ಹುಟ್ಟಿನಿಂದಲೇ ನಾಗರಿಕರಾಗಿರಬೇಕು. ಪಂದ್ಯದ ದುಡ್ಡು ವಾಪಸ್ ತಗೋ.

ಎಡಿಸನ್_ಎಂಕಣ್ಣ
ಒಂದು ಒಪ್ಪುತ್ತೇನೆ. ಮೇಯರ್ ಚುನಾವಣೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ವೋಟು ಹಾಕಿದ್ದು 1969ರ ನಂತರ ಇದೇ ಮೊದಲಂತೆ. ಅರ್ಧಕ್ಕರ್ಧ ಜನ ಅವರ ವಿರುದ್ಧವೂ ಹಾಕಿದ್ದಾರೆ ಅನ್ನುವುದನ್ನು ಜಯಾ ಅವರು ಮರೆಯದಿದ್ದರೆ ಸಾಕು. 50 ದಾಟಿದ್ದು ಸ್ವಲ್ಪವೇ, ಕುವೋಮೊಗೆ 41ರ ಸುಮಾರು ಬಂದಿದೆ.

ಜಾಕ್ಸನ್‌ಹೈಟ್ಸ್_ಜಯಾ
ಮರೆತಿಲ್ಲ. ಸ್ವಲ್ಪ ದಾಟಿದರೂ ದಾಟಿದ್ದೇ.

ಫ್ಲಶಿಂಗ್_ರಾಯರು
ಜಗಳ ಸಾಕು. ಭಾನುವಾರ ಗಣೇಶನ ಗುಡಿಯ ಕ್ಯಾಂಟೀನಿಗೆ ಬನ್ನಿ, ಎಂಕಣ್ಣನೂ ಬರಲಿ. ಮೇಷ್ಟ್ರ ಲೆಕ್ಕ ಏನೇ ಹೇಳಲಿ, ಅಲ್ಲಿ ಗೆಲ್ಲುವುದು ದೋಸೆಯೇ.

ಅಂದಹಾಗೆ ಎಲ್ಲರೂ ಬ್ಯಾಲೆಟ್ ಹಿಂದೆ ತಿರುಗಿಸಿ ನೋಡಿದ್ದಿರಿ ತಾನೆ? ಆರು ಪ್ರಶ್ನೆ ಇದ್ದವು. ಮನೆ ಕಟ್ಟುವ ಅನುಮತಿ ಬೇಗ ಕೊಡುವ ಬಗ್ಗೆ ಇದ್ದವು ಪಾಸಾದವು. ಮೇಯರ್ ಚುನಾವಣೆಯನ್ನು ಪ್ರೆಸಿಡೆಂಟ್ ಚುನಾವಣೆಯ ವರ್ಷಕ್ಕೆ ತಳ್ಳಬೇಕೆ ಅನ್ನುವ ಆರನೆಯದು ಬಿದ್ದುಹೋಯಿತು. ನನ್ನ ಪ್ರಕಾರ ಆ ಹಿಂಬದಿ ಮೇಯರ್‌ಗಿಂತ ಜಾಸ್ತಿ ದಿನ ಉಳಿಯುತ್ತದೆ.

ಕ್ವೀನ್ಸ್_ಕಮಲ
ಊಟ ಆಯ್ತು. ಮೇಷ್ಟ್ರ ಉತ್ತರ ಗಟ್ಟಿಯಾಗಿ ಓದಿದೆ. ನಮ್ಮವರು ಮಜ್ಜಿಗೆ ಬಡಿಸಿಕೊಳ್ಳುತ್ತಾ ಸುಮ್ಮನೆ ಕೂತರು. ಆಮೇಲೆ ರಾಯರು ಬರೆದದ್ದನ್ನೂ ಓದಿದೆ, ಹಿಂಬದಿಯ ಆರು ಪ್ರಶ್ನೆ. ನಾನು ಆರಕ್ಕೂ ಉತ್ತರ ತುಂಬಿಸಿದ್ದೆ, ಒಂದಕ್ಕೊಂದೇ ಸೊನ್ನೆ.

"ಹಿಂದೆ? ಹಿಂದೆ ಏನಿತ್ತು?" ಅಂದರು.

12 ವರ್ಷದಿಂದ ಸಿಟಿಜನ್ ಅವರು. ನಾದಿನಿಗೆ ಫೋನು ಹಚ್ಚುತ್ತಿದ್ದೇನೆ.